ದೋಣಿ ಎಂಜಿನ್ ಚಾಲೂ ಆಗದಿದ್ದರೆ ಎಲ್ಲಿಂದ ನೋಡಬೇಕು

ನಮ್ಮ ಯಾದಗಿರಿ ಕಡೆ ದೋಣಿ ಎಂಜಿನ್ ಓಡಿ ಕೆಡುವುದು ಕಡಿಮೆ, ಕೂತು ಕೆಡುವುದು ಜಾಸ್ತಿ. ಕರಾವಳಿಯಲ್ಲಿ ಎಂಜಿನ್ ದಿನಾ ಓಡುತ್ತದೆ, ಅಲ್ಲಿ ಅದಕ್ಕೆ ಉಪ್ಪು ನೀರಿನ ಕಾಟ. ನಮ್ಮ ಕೃಷ್ಣಾ, ಭೀಮಾ ಎರಡೂ ಸಿಹಿ ನೀರು. ಆದರೆ ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆ ಕಾಣುತ್ತದೆ. ಆಗ ಎಂಜಿನ್ ಬಿಚ್ಚಿ ತಂದು ಮನೆಯ ಮೂಲೆಯಲ್ಲಿ ತೊಗರಿ ಚೀಲದ ಪಕ್ಕ ಒರಗಿಸುತ್ತೇವೆ. ಏಳೆಂಟು ತಿಂಗಳು ಯಾರೂ ಮುಟ್ಟುವುದಿಲ್ಲ. ಆಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ, ನಾರಾಯಣಪುರದ ಬಸವಸಾಗರದಲ್ಲಿ ಗೇಟು ಎತ್ತಿದರು ಅಂತ ಸುದ್ದಿ ಬಂದ ದಿನ ಎಂಜಿನ್ ನೆನಪಾಗುತ್ತದೆ. ಅವತ್ತೇ ಅದು ಚಾಲೂ ಆಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ಹೊಳೆ ತುಂಬಿ ಬಂತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಬಂತು, ಕಲಬುರಗಿ ಜಿಲ್ಲೆಗೂ ನಮಗೂ ಸೇರಿ ಬಂತು. ಎರಡೂ ಸಲ ಪಂಪ್‌ಸೆಟ್ ಕೆಲಸ ಬದಿಗಿಟ್ಟು ನಾನು ದೋಣಿ ಎಂಜಿನ್‌ಗಳ ಹಿಂದೆ ಬಿದ್ದಿದ್ದೆ. ಆಗ ನೋಡಿದ್ದು ಇಷ್ಟು: ಹತ್ತರಲ್ಲಿ ಏಳೆಂಟು ಎಂಜಿನ್‌ಗಳಿಗೆ ದೊಡ್ಡ ರೋಗ ಏನೂ ಇರಲಿಲ್ಲ. ಹಳೇ ಪೆಟ್ರೋಲು, ಕಟ್ಟಿಕೊಂಡ ಜೆಟ್ಟು (ಪೆಟ್ರೋಲು ಹಾಯುವ ಸಣ್ಣ ತೂತಿನ ತಿರುಪು), ಕಿಡಿ ಕೊಡದೆ ಸತ್ತ ಪ್ಲಗ್ಗು. ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಊರಿಗೆ ನೀರು ದಾರಿ ಕಡಿದಾಗ ಆಚೆ ದಂಡೆಯಲ್ಲಿ ಹೆರಿಗೆ ನೋವಿನ ಹೆಣ್ಣುಮಗಳು ಕಾಯುತ್ತಿರಬಹುದು, ಹಾವು ಕಚ್ಚಿಸಿಕೊಂಡವರು ಕಾಯುತ್ತಿರಬಹುದು. ಅಂಥ ಹೊತ್ತಿನಲ್ಲಿ ಪಟ್ಟಣದಿಂದ ಮಿಸ್ತ್ರಿ ಬರುವ ತನಕ ಕೂರುವ ಹಾಗಿಲ್ಲ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸುವ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ ಬಗ್ಗೆ. ಅದರಲ್ಲೂ ಹಗ್ಗ ಎಳೆದು ಚಾಲೂ ಮಾಡುವ ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಎಣ್ಣೆ ಬೆರೆಸುವ ಎಂಜಿನ್. 8 ಎಚ್‌ಪಿ ಇರಲಿ, 40 ಎಚ್‌ಪಿ ಇರಲಿ, ನೋಡುವ ಕ್ರಮ ಒಂದೇ. ಫೋರ್ ಸ್ಟ್ರೋಕ್ ಆದರೆ ಎಣ್ಣೆ ಬೇರೆ ಇರುತ್ತದೆ, ಅದರ ಕಡ್ಡಿ ಎಳೆದು ಮಟ್ಟ ನೋಡಿಕೊಳ್ಳಿ. ಉಳಿದದ್ದು ಬಹುಪಾಲು ಇದೇ.

ಹಗ್ಗಕ್ಕೆ ಕೈ ಹಾಕುವ ಮೊದಲು

ಒಂದು ಸಲ ಹೊಳೆ ದಂಡೆಯ ಹಳ್ಳಿಯೊಂದರಿಂದ ಹುಡುಗನೊಬ್ಬ ಬೈಕಿನಲ್ಲಿ ಬಂದು ನನ್ನನ್ನು ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ಮಾತು.

"ಕಾಕಾ, ಮುಂಜಾನಿಂದ ಎಳ್ಯಾಕತ್ತೀನ್ರಿ. ರಟ್ಟಿ ಬಿದ್ದು ಹೋಗ್ಯಾವ. ಒಮ್ಮಿ ಕೆಮ್ಮಿಲ್ಲ ನೋಡ್ರಿ."

ದಂಡೆಗೆ ಹೋಗಿ ಎಂಜಿನ್ ನೋಡಿದೆ. "ಕೆಂಪು ದಾರ ಎಲ್ಲದ ತಮ್ಮಾ?"

"ಯಾವ ದಾರ್ರೀ?"

ಸುರುಳಿ ಸುತ್ತಿದ ಕೆಂಪು ದಾರ, ತುದಿಗೊಂದು ಪ್ಲಾಸ್ಟಿಕ್ ಕ್ಲಿಪ್. ಅದು ಸ್ಟಾಪ್ ಬಟನ್ನಿನ ಬುಡಕ್ಕೆ ಸಿಕ್ಕಿಕೊಂಡಿರಬೇಕು, ಇನ್ನೊಂದು ತುದಿ ದೋಣಿ ನಡೆಸುವವನ ಕೈಗೆ ಕಟ್ಟಿರಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಎಂಜಿನ್ ನಿಲ್ಲಲಿ ಅಂತ ಮಾಡಿದ್ದು. ಕ್ಲಿಪ್ ಇಲ್ಲದಿದ್ದರೆ ಪ್ಲಗ್ಗಿಗೆ ಕರೆಂಟೇ ಹೋಗುವುದಿಲ್ಲ, ನೂರು ಸಲ ಎಳೆದರೂ ಅಷ್ಟೇ. ಆ ಕ್ಲಿಪ್ಪನ್ನು ಮನೆಯ ಮಗು ಆಟಕ್ಕೆ ಒಯ್ದು ಅಂಗಳದಲ್ಲಿ ಬಿಸಾಕಿತ್ತು. ತಂದು ಸಿಕ್ಕಿಸಿದೆವು. ಆದರೆ ಅಷ್ಟೊತ್ತಿಗೆ ಎಳೆದೂ ಎಳೆದೂ ಸಿಲಿಂಡರ್ ಪೆಟ್ರೋಲಿನಿಂದ ತೊಯ್ದು ಹೋಗಿತ್ತು. ಅದನ್ನು ಒಣಗಿಸಲು ಮತ್ತೆ ಅರ್ಧ ಗಂಟೆ.

ಹಾಗಾಗಿ ಮೊದಲು ಕ್ಲಿಪ್. ಎರಡನೇದು ಗೇರು. ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸುಮಾರು ಎಂಜಿನ್‌ಗಳಲ್ಲಿ ಹಗ್ಗವೇ ಬರದಂತೆ ಲಾಕ್ ಇರುತ್ತದೆ. ಮೂರನೇದು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು. ಇದನ್ನು ತೆರೆಯದಿದ್ದರೆ ಒಳಗೆ ಗಾಳಿ ಹೋಗದೆ ಪೆಟ್ರೋಲು ಹೊರಗೆ ಬರುವುದಿಲ್ಲ. ಸಾಗಿಸುವಾಗ ಪೆಟ್ರೋಲು ಚೆಲ್ಲಬಾರದು ಅಂತ ಬಿಗಿ ಮಾಡಿರುತ್ತೇವೆ, ಆಮೇಲೆ ಮರೆಯುತ್ತೇವೆ. ಮನೆಯೊಳಗೆ ಇಟ್ಟ ಟ್ಯಾಂಕಾದರೆ ಆ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಊದಿ ನೋಡಿ.

ನಾಲ್ಕನೇದು ಪೈಪಿನ ನಡುವೆ ಇರುವ ರಬ್ಬರ್ ಬಲ್ಬು. ಅದರ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ಎಂಜಿನ್ ಕಡೆ ಇರಬೇಕು. ಹಿಚುಕುವಾಗ ಬಾಣದ ತುದಿ ಮೇಲಕ್ಕೆ ಬರುವಂತೆ ಎತ್ತಿ ಹಿಡಿಯಿರಿ. ಅಡ್ಡ ಮಲಗಿಸಿ ಹಿಚುಕಿದರೆ ಒಳಗಿನ ಕವಾಟ ಸರಿಯಾಗಿ ಕೂರದೆ ಸುಮ್ನೆ ಗಾಳಿ ಆಡುತ್ತದೆ. ಏಳೆಂಟು ಹಿಚುಕಿಗೆ ಬಲ್ಬು ಗಟ್ಟಿಯಾಗಬೇಕು. ಈ ಬಲ್ಬನ್ನು ನೆನಪಿಡಿ, ಮುಂದೆ ಇದೇ ನಮಗೆ ದಾರಿ ತೋರಿಸುತ್ತದೆ.

ಎಂಜಿನ್ ತಣ್ಣಗಿದ್ದರೆ ಚೋಕು (ಗಾಳಿ ತಡೆದು ಪೆಟ್ರೋಲು ಜಾಸ್ತಿ ಹೋಗುವಂತೆ ಮಾಡುವ ಗುಂಡಿ) ಎಳೆಯಿರಿ. ಬಿಸಿ ಇದ್ದರೆ ಬೇಡ.

ಪ್ಲಗ್ ಬಿಚ್ಚಿ, ಅದನ್ನೇ ಕೇಳಿ

ಇಷ್ಟೆಲ್ಲ ಸರಿ ಇದ್ದು ಎಂಟು ಹತ್ತು ಸಲ ಎಳೆದರೂ ಚಾಲೂ ಆಗಲಿಲ್ಲವಾ? ಎಳೆಯುವುದು ನಿಲ್ಲಿಸಿ. ಮೇಲಿನ ಮುಚ್ಚಳ ತೆಗೆದು ಪ್ಲಗ್ ಬಿಚ್ಚಿ. ಎಂಜಿನ್ ಓಡಬೇಕಾದರೆ ಪೆಟ್ರೋಲ್ ಬರಬೇಕು, ಕಿಡಿ ಬರಬೇಕು, ಒಳಗೆ ಒತ್ತಡ ಇರಬೇಕು. ಮೂರರಲ್ಲಿ ಯಾವುದು ಇಲ್ಲ ಅಂತ ಪ್ಲಗ್ಗಿನ ತುದಿ ಅರ್ಧ ಹೇಳಿಬಿಡುತ್ತದೆ.

ತುದಿ ಒಣಗಿದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಇಲ್ಲ ಅಂದರೆ ಸಿಲಿಂಡರ್‌ಗೆ ಪೆಟ್ರೋಲು ಮುಟ್ಟಿಲ್ಲ. ಪೆಟ್ರೋಲ್ ದಾರಿ ಹುಡುಕಬೇಕು. ತುದಿ ಹಸಿಯಾಗಿದೆ, ಪೆಟ್ರೋಲ್ ಗಮ್ಮೆನ್ನುತ್ತಿದೆ ಅಂದರೆ ಒಂದೋ ಜಾಸ್ತಿ ಕುಡಿದಿದೆ, ಇಲ್ಲಾ ಕಿಡಿ ಬರುತ್ತಿಲ್ಲ. ನೀರಿನ ಹನಿ ಕಂಡರೆ ಪೆಟ್ರೋಲಿನಲ್ಲಿ ನೀರು ಸೇರಿದೆ, ಅಥವಾ ಎಂಜಿನ್ ಒಳಗೇ ನೀರು ಹೊಕ್ಕಿದೆ. ಕಪ್ಪು ಜಿಡ್ಡು ಮೆತ್ತಿದ್ದರೆ ಎಣ್ಣೆ ಜಾಸ್ತಿ ಬೆರೆಸಿದ್ದೀರಿ. ಎರಡು ಸಿಲಿಂಡರಿನ ಎಂಜಿನ್ ಆದರೆ ಎರಡೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅನ್ನುವುದು ಅದಲುಬದಲಾಗದಂತೆ ಇಡಿ.

ಇಲ್ಲೊಂದು ಎಚ್ಚರಿಕೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲೇ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪ್ಲಗ್ ಬಿಚ್ಚಿದ ಮೇಲೆ ಬೀಡಿ ಸೇದುವವರನ್ನು ದೂರ ಕಳಿಸಿ. ಯಾರು ಏನೇ ಅಂದುಕೊಳ್ಳಲಿ, ಇದರಲ್ಲಿ ಮುಲಾಜು ಬೇಡ.

ಪ್ಲಗ್ ಒಣಗಿದ್ದರೆ

ನಮ್ಮ ಕಡೆಯ ಎಂಜಿನ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಲ್ಬು ಹಿಚುಕಿ. ಎಷ್ಟು ಹಿಚುಕಿದರೂ ಮೆತ್ತಗೇ ಇದೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಬಲ್ಬಿನ ಒಳಗಿನ ಕವಾಟ ಹೋಗಿದೆ. ಟ್ಯಾಂಕಿಗೂ ಎಂಜಿನ್‌ಗೂ ಪೈಪು ಸಿಕ್ಕಿಸುವ ಜಾಗದಲ್ಲಿ ಸಣ್ಣ ರಬ್ಬರ್ ಉಂಗುರ ಇರುತ್ತದೆ. ನಮ್ಮ ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಲಿಗೆ ಅದು ಒಣಗಿ ಬಿರಿಯುತ್ತದೆ. ಅಲ್ಲಿ ಪೆಟ್ರೋಲ್ ಸೋರದೆಯೂ ಗಾಳಿ ಒಳಗೆ ಹೋಗಬಹುದು, ಹಾಗಾಗಿ ಒದ್ದೆ ಕಾಣಲಿಲ್ಲ ಅಂತ ಬಿಡಬೇಡಿ. ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ, ಬಿರುಕು ಬಾಯಿ ಬಿಡುತ್ತದೆ.

ಬಲ್ಬು ಗಟ್ಟಿಯಾಯಿತು, ಆದರೂ ಪ್ಲಗ್ ಒಣಗಿದೆ. ಹಾಗಾದರೆ ಪೆಟ್ರೋಲು ಬಲ್ಬು ದಾಟಿ ಮುಂದೆ ಎಲ್ಲೋ ನಿಂತಿದೆ. ಎಂಜಿನ್ ಕಡೆಯ ಪೈಪಿನ ಜೋಡಣೆ ಸರಿಯಾಗಿ ಕಚ್ಚಿಕೊಂಡಿದೆಯಾ ನೋಡಿ. ಆಮೇಲೆ ಫಿಲ್ಟರು. ಪಾರದರ್ಶಕ ಲೋಟದ ಹಾಗೆ ಇರುತ್ತದೆ, ತಳದಲ್ಲಿ ನೀರು ಅಥವಾ ಕಸ ಕೂತಿದ್ದರೆ ಹೊರಗಿನಿಂದಲೇ ಕಾಣುತ್ತದೆ. ಬಿಚ್ಚಿ ಒಳ್ಳೆ ಪೆಟ್ರೋಲಿನಲ್ಲಿ ತೊಳೆಯಿರಿ.

ಅದೂ ಸರಿ ಇದ್ದರೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರ್. ಅದರ ತಳದ ಬಟ್ಟಲಿಗೆ ಒಂದು ಡ್ರೇನ್ ತಿರುಪು ಇರುತ್ತದೆ. ಕೆಳಗೆ ಒಂದು ಸ್ಟೀಲ್ ವಾಟಿ ಹಿಡಿದು ತಿರುಪು ಸಡಿಲಿಸಿ. ಸುರಿದ ಪೆಟ್ರೋಲನ್ನು ನೆರಳಿಗೆ ಒಯ್ದು ಒಂದು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಗುಂಡಗೆ ಮಣಿಗಳ ಹಾಗೆ ಕೂರುತ್ತದೆ. ವಾಟಿ ಓರೆ ಮಾಡಿದರೆ ಆ ಮಣಿಗಳು ಒಂದಕ್ಕೊಂದು ಸೇರಿ ಉರುಳುತ್ತವೆ, ಪೆಟ್ರೋಲಿನ ಜೊತೆ ಬೆರೆಯುವುದಿಲ್ಲ. ಆಮೇಲೆ ಮೂಸಿ ನೋಡಿ. ತಾಜಾ ಪೆಟ್ರೋಲ್ ಮೂಗಿಗೆ ಚುಚ್ಚುತ್ತದೆ. ಹಳೇದಕ್ಕೆ ಬಾಗಿಲಿಗೆ ಬಳಿಯುವ ವಾರ್ನಿಷ್ ವಾಸನೆ, ಬಣ್ಣ ಚಹಾದ ಕಡೆಗೆ ತಿರುಗಿರುತ್ತದೆ.

ಪೆಟ್ರೋಲ್ ಕೂತರೆ ಯಾಕೆ ಹೀಗಾಗುತ್ತದೆ? ಅದರಲ್ಲಿ ಬೇಗ ಆರುವ ಹಗುರ ಭಾಗ ಇರುತ್ತದೆ, ತಣ್ಣನೆ ಎಂಜಿನ್ ಕಿಡಿಗೆ ಹೊತ್ತಿಕೊಳ್ಳುವುದೇ ಅದರಿಂದ. ಬಿಸಿಲಿಗೆ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ದಪ್ಪಗಾಗಿ ಅಂಟಾಗುತ್ತದೆ. ಇದರ ಮೇಲೆ ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಒಂದು ಮಟ್ಟದ ತನಕ ನೀರನ್ನು ಕರಗಿಸಿಕೊಂಡಿರುತ್ತದೆ. ನೀರು ಅದಕ್ಕಿಂತ ಜಾಸ್ತಿಯಾದರೆ ಎಥೆನಾಲ್ ನೀರಿನ ಜೊತೆ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪು ಪೆಟ್ರೋಲ್ ಎಳೆಯುವುದು ತಳದಿಂದಲೇ ಅಲ್ವಾ? ಎಂಜಿನ್‌ಗೆ ಮೊದಲು ಹೋಗುವುದು ಆ ನೀರೇ. ಬೈಕಿನಲ್ಲಿ ವಾರಕ್ಕೊಮ್ಮೆ ಪೆಟ್ರೋಲ್ ಖಾಲಿಯಾಗಿ ಹೊಸದು ಬೀಳುತ್ತದೆ, ಅದಕ್ಕೆ ಈ ತೊಂದರೆ ಕಾಣುವುದಿಲ್ಲ. ದೋಣಿಯ ಟ್ಯಾಂಕು ಅರ್ಧ ತುಂಬಿ, ಅರ್ಧ ಗಾಳಿಯಾಗಿ ತಿಂಗಳುಗಟ್ಟಲೆ ಕೂರುತ್ತದೆ. ಅನುಮಾನ ಇದ್ದರೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಇಡಿ. ಎರಡು ಬಣ್ಣವಾಗಿ ನಡುವೆ ಗೆರೆ ಕಂಡರೆ ಆ ಪೆಟ್ರೋಲು ಪೂರ್ತಿ ಬದಲಿಸಿ. ಮೇಲಿನದ್ದನ್ನು ಸೋಸಿ ಉಳಿಸಿಕೊಳ್ಳುವ ಆಸೆ ಬೇಡ, ಅದರ ಶಕ್ತಿ ಆಗಲೇ ಇಳಿದಿರುತ್ತದೆ.

ಬಟ್ಟಲಿಗೆ ಪೆಟ್ರೋಲು ಬರುತ್ತಿದೆ, ಸಿಲಿಂಡರ್‌ಗೆ ಹೋಗುತ್ತಿಲ್ಲ ಅಂದರೆ ಜೆಟ್ ಕಟ್ಟಿದೆ. ಜೆಟ್ ಅಂದರೆ ಹಿತ್ತಾಳೆಯ ಸಣ್ಣ ತಿರುಪು, ನಡುವೆ ಕೂದಲು ಹೋಗುವಷ್ಟು ತೂತು. ಬಟ್ಟಲು ಬಿಚ್ಚಿದಾಗ ಒಳಗೆ ಹಸಿರು ಮಿಶ್ರಿತ ಕಂದು ಅಂಟು ಕಂಡರೆ ಬೇರೆ ಎಲ್ಲೂ ಹುಡುಕಬೇಡಿ, ರೋಗ ಸಿಕ್ಕಿತು. ಜೆಟ್ಟಿಗೆ ಸರಿಯಾದ ಸ್ಕ್ರೂಡ್ರೈವರ್ ಹಾಕಿ. ಅಗಲ ಕಡಿಮೆ ಇದ್ದರೆ ಹಿತ್ತಾಳೆಯ ತಲೆ ಕಿತ್ತು ಬರುತ್ತದೆ, ಆಮೇಲೆ ಅದನ್ನು ಹೊರಗೆ ತೆಗೆಯುವುದೇ ಒಂದು ದಿನದ ಕೆಲಸ. ಬಿಚ್ಚಿದ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಆಕಾಶಕ್ಕೆ ತೋರಿಸಿ. ತೂತಿನಲ್ಲಿ ಬೆಳಕಿನ ಗುಂಡು ಚುಕ್ಕೆ ಕಾಣಬೇಕು. ಕಾಣದಿದ್ದರೆ, ಅಥವಾ ಚುಕ್ಕೆ ಒಂದು ಕಡೆ ಕಚ್ಚಿದಂತೆ ಕಂಡರೆ, ಕಟ್ಟಿದೆ ಅಂತ ಅರ್ಥ.

ಇಲ್ಲಿ ಬಹಳ ಜನ ತಂತಿ ಅಥವಾ ಸೂಜಿ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಹಿತ್ತಾಳೆ ಮೆದು, ತೂತು ಸ್ವಲ್ಪ ದೊಡ್ಡದಾದರೂ ಎಂಜಿನ್ ಆಮೇಲೆ ಯಾವತ್ತೂ ಸರಿ ಹೊಂದುವುದಿಲ್ಲ. ನಿಮ್ಮ ಬಲೆಯ ನೈಲಾನ್ ದಾರ ಇದೆಯಲ್ಲ, ಅದರದೇ ಒಂದು ಗೇಣು ಎಳೆ ಕತ್ತರಿಸಿ ತೂರಿಸಿ. ಮೊದಲು ಜೆಟ್ಟನ್ನು ಕಾರ್ಬೊರೇಟರ್ ಕ್ಲೀನರ್‌ನಲ್ಲಿ ಅರ್ಧ ಗಂಟೆ ನೆನೆಸಿ. ನಂತರ ದಾರವನ್ನು ಹಿಂದೆ ಮುಂದೆ ಆಡಿಸಿ, ಸೈಕಲ್ ಪಂಪಿನಿಂದ ಊದಿ. ಈ ದಾರದ ಉಪಾಯ ನಾನು ಕಲಿತದ್ದು ಬಸವಸಾಗರದ ಹಿನ್ನೀರಿನಲ್ಲಿ ಮೀನು ಹಿಡಿಯುವ ಅಜ್ಜ ಒಬ್ಬರಿಂದ. ಅದಕ್ಕಿಂತ ಒಳ್ಳೆ ಹತಾರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಬಟ್ಟಲಿಗೆ ಪೆಟ್ರೋಲೇ ಇಳಿಯುತ್ತಿಲ್ಲ ಅಂದರೆ ಅದೇ ಅಂಟಿಗೆ ಫ್ಲೋಟಿನ ಸೂಜಿ (ಬಟ್ಟಲಿಗೆ ಪೆಟ್ರೋಲು ಬಿಡುವ, ತಡೆಯುವ ಸಣ್ಣ ಕವಾಟ) ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಟ್ಟಲಿಗೆ ಹಗೂರಕ್ಕೆ ತಟ್ಟಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ತುರ್ತಿನಲ್ಲಿ ಅಷ್ಟು ಸಾಕು, ಬಿಡುವಾದಾಗ ಬಿಚ್ಚಿ ತೊಳೆಯಿರಿ.

ಪ್ಲಗ್ ಹಸಿಯಾಗಿದ್ದರೆ

ಮೊದಲು ಜಾಸ್ತಿ ಕುಡಿದ ಎಂಜಿನ್‌ನ ಮಾತು ಮುಗಿಸೋಣ. ಚೋಕು ಒಳಗೆ ತಳ್ಳಿ. ಕೆಂಪು ದಾರದ ಕ್ಲಿಪ್ ತೆಗೆಯಿರಿ, ಈಗ ಕಿಡಿ ಬೇಡ. ಪೆಟ್ರೋಲ್ ಪೈಪು ಕಳಚಿ. ಪ್ಲಗ್ ಇಲ್ಲದೆ ಹಗ್ಗವನ್ನು ಆರೇಳು ಸಲ ಎಳೆಯಿರಿ, ಪ್ಲಗ್ಗಿನ ತೂತಿನಿಂದ ಪೆಟ್ರೋಲು ಚಿಮ್ಮಿ ಹೊರಗೆ ಬರುತ್ತದೆ. ಮುಖ ಆ ಕಡೆ ಇಟ್ಟುಕೊಳ್ಳಬೇಡಿ. ಹತ್ತು ಹದಿನೈದು ನಿಮಿಷ ಆರಲು ಬಿಡಿ. ಒಣಗಿದ ಪ್ಲಗ್ ಹಾಕಿ, ಕ್ಲಿಪ್ಪು ಮತ್ತು ಪೈಪು ಸಿಕ್ಕಿಸಿ, ಚೋಕಿಲ್ಲದೆ ಎಕ್ಸಿಲೇಟರ್ ಸ್ವಲ್ಪ ತೆರೆದು ಎಳೆಯಿರಿ.

ಅದಕ್ಕೂ ಬಗ್ಗದಿದ್ದರೆ ಕಿಡಿ ನೋಡಬೇಕು. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗುವಂತೆ ಇಡಿ. ಪ್ಲಗ್ ತೂತಿನಿಂದ ದೂರ ಇರಲಿ, ತೂತಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಅಲ್ಲಿನ ಆವಿ ಹೊತ್ತಿಕೊಳ್ಳುತ್ತದೆ. ಕ್ಲಿಪ್ ಹಾಕಿ. ಒಬ್ಬರು ಹಗ್ಗ ಎಳೆಯಲಿ. ನಮ್ಮ ಬಿಸಿಲಿನಲ್ಲಿ ಕಿಡಿ ಕಾಣುವುದು ಕಷ್ಟ, ಮೇಲೆ ಟವೆಲ್ ಹಿಡಿದು ನೆರಳು ಮಾಡಿಕೊಳ್ಳಿ. ನೀಲಿ ಬಣ್ಣ, ಚಟ್ ಚಟ್ ಸದ್ದು ಇದ್ದರೆ ಕಿಡಿ ಗಟ್ಟಿ. ಹಳದಿ, ತೆಳ್ಳಗೆ ಇದ್ದರೆ ಬಲ ಇಲ್ಲ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ಅಲ್ಲಿ ಬರುವುದು ಸಾವಿರಗಟ್ಟಲೆ ವೋಲ್ಟು.

ಕಿಡಿ ಇಲ್ಲ ಅಂದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ದೋಣಿಯಲ್ಲಿ ಎರಡು ಹೊಸ ಪ್ಲಗ್ ಮತ್ತು ಪ್ಲಗ್ ಪಾನಾ ಯಾವಾಗಲೂ ಇರಬೇಕು. ನಂಬರ್ ಎಂಜಿನ್ ಪುಸ್ತಕದಲ್ಲಿ ಇದ್ದದ್ದೇ ಆಗಬೇಕು, ಬೈಕಿನದು ಕೂರುತ್ತದೆ ಅಂತ ಕೂರಿಸಬೇಡಿ. ತುದಿಯ ಗ್ಯಾಪನ್ನೂ ಪುಸ್ತಕದಲ್ಲಿ ಹೇಳಿದಷ್ಟೇ ಇಡಿ.

ಹೊಸ ಪ್ಲಗ್ಗಿಗೂ ಕಿಡಿ ಬರದಿದ್ದರೆ ನಾನು ಕಾಯಿಲ್ಲು (ವೋಲ್ಟು ಏರಿಸುವ ಸುರುಳಿ), ಸಿಡಿಐ (ಕಿಡಿಯ ಹೊತ್ತು ನೋಡಿಕೊಳ್ಳುವ ಪೆಟ್ಟಿಗೆ) ಅಂತ ದುಬಾರಿ ಭಾಗಗಳಿಗೆ ಹೋಗುವುದಿಲ್ಲ. ಸ್ಟಾಪ್ ಸ್ವಿಚ್ಚಿಗೆ ಹೋಗುತ್ತೇನೆ. ಈ ಸ್ವಿಚ್ ಎಂಜಿನ್ ನಿಲ್ಲಿಸುವುದು ಕರೆಂಟನ್ನು ಎಂಜಿನ್ನಿನ ಲೋಹದ ಮೈಗೆ ಇಳಿಸಿಬಿಟ್ಟು. ಒಳಗೆ ತೇವ ಸೇರಿದ್ದರೂ, ವೈರಿನ ಮೇಲ್ಪದರ ಕಿತ್ತು ಲೋಹಕ್ಕೆ ತಾಗಿದ್ದರೂ ಅದೇ ಕೆಲಸ ಆಗುತ್ತದೆ, ಎಂಜಿನ್ ಪಾಲಿಗೆ ಯಾರೋ ಸ್ಟಾಪ್ ಬಟನ್ ಒತ್ತಿ ಹಿಡಿದಂತೆ. ಸ್ವಿಚ್ಚಿನಿಂದ ಬರುವ ವೈರು ಎಂಜಿನ್ ಒಳಗೆ ಒಂದು ಕಡೆ ಕೂಡುತ್ತದೆ. ಆ ಜೋಡಣೆ ಕಳಚಿ, ಮತ್ತೆ ಕಿಡಿ ನೋಡಿ. ಬಂತಾ? ಹಾಗಾದರೆ ಸ್ವಿಚ್ಚಿನದೇ ತಪ್ಪು. ಆದರೆ ಈ ಸ್ಥಿತಿಯಲ್ಲಿ ಎಂಜಿನ್ ಚಾಲೂ ಆದರೆ ಬಟನ್ನಿನಿಂದ ನಿಲ್ಲುವುದಿಲ್ಲ, ಚೋಕು ಎಳೆದು ಉಸಿರು ಕಟ್ಟಿಸಿ ನಿಲ್ಲಿಸಬೇಕು. ಪತ್ತೆಗೆ ಮಾತ್ರ ಹೀಗೆ ಮಾಡಿ. ಹೀಗೇ ಬಿಟ್ಟು ಜನರನ್ನು ಹತ್ತಿಸಬೇಡಿ. ನಡೆಸುವವನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುವುದಿಲ್ಲ, ದೋಣಿ ಸುತ್ತಿ ಬಂದು ಪಂಖ ಅವನ ಮೇಲೇ ಹಾಯುತ್ತದೆ.

ವೈರುಗಳನ್ನು ನೋಡುವಾಗ ಇಲಿ ಕಡಿದ ಗುರುತು ಹುಡುಕಿ. ಕಾಳಿನ ಚೀಲದ ಪಕ್ಕ ಇಟ್ಟ ಎಂಜಿನ್ ಒಳಗೆ ಇಲಿ ಗೂಡು ಮಾಡಿದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಒಂದರಲ್ಲಿ ಜೋಳದ ತೆನೆಯ ಚೂರು, ಗೋಣಿ ನಾರು, ಅದರ ನಡುವೆ ಕತ್ತರಿಸಿ ಹೋದ ಬಿಳಿ ವೈರು. ಆ ವೈರು ಕೂಡಿಸಿದ ಮೇಲೆ ಎರಡನೇ ಎಳೆತಕ್ಕೆ ಚಾಲೂ ಆಯಿತು.

ಎರಡು ಸಿಲಿಂಡರಿನಲ್ಲಿ ಒಂದಕ್ಕೆ ಕಿಡಿ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಬೇರೆ ಬೇರೆ ಕಾಯಿಲ್ ಇರುವ ಎಂಜಿನ್‌ಗಳಲ್ಲಿ ಕಾಯಿಲ್ ಅದಲುಬದಲು ಮಾಡಿ ನೋಡಬಹುದು. ದೋಷ ಕಾಯಿಲ್ ಜೊತೆ ಜಾಗ ಬದಲಿಸಿದರೆ ಕಾಯಿಲ್ ಹೋಗಿದೆ. ಬದಲಿಸದಿದ್ದರೆ, ಅಥವಾ ಎರಡಕ್ಕೂ ಕಿಡಿ ಇಲ್ಲದಿದ್ದರೆ, ಸಿಡಿಐ ಮತ್ತು ಫ್ಲೈವೀಲ್ (ಎಂಜಿನ್ ಮೇಲಿನ ಭಾರದ ಚಕ್ರ) ಕೆಳಗಿನ ಸುರುಳಿಗಳನ್ನು ಮೀಟರ್ ಇಟ್ಟು ನೋಡಬೇಕು. ಅದು ಅಂಗಡಿಯ ಕೆಲಸ. ಫ್ಲೈವೀಲ್ ಎಳೆಯುವ ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಹೊಡೆದು ಬಿಚ್ಚಲು ಹೋಗಬೇಡಿ, ಒಳಗಿನ ಅಯಸ್ಕಾಂತ ಒಡೆಯುತ್ತದೆ.

ಹಗ್ಗವೇ ಬರದಿದ್ದರೆ, ಅಥವಾ ತೀರಾ ಹಗುರವಾಗಿ ಬಂದರೆ

ಗೇರ್ ನ್ಯೂಟ್ರಲ್‌ನಲ್ಲಿದೆ, ಆದರೂ ಹಗ್ಗ ಕಲ್ಲಿನ ಹಾಗೆ ಬಿಗಿ. ಜೋರು ಮಾಡಬೇಡಿ. ಪ್ಲಗ್ ಬಿಚ್ಚಿ ನಿಧಾನ ಎಳೆಯಿರಿ. ಈಗ ಬಂದು ತೂತಿನಿಂದ ನೀರು ಚಿಮ್ಮಿದರೆ ಸಿಲಿಂಡರಿನಲ್ಲಿ ನೀರು ತುಂಬಿತ್ತು. ನೀರು ಒತ್ತಿದರೆ ಕುಗ್ಗುವುದಿಲ್ಲ, ಬಲ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿದರೂ ಅಲ್ಲಾಡದಿದ್ದರೆ ಪಿಸ್ಟನ್ ಹಿಡಿದಿರಬಹುದು. ಪಿಸ್ಟನ್ ಹಿಡಿದಿದ್ದರೆ ತೂತಿನಲ್ಲಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ.

ಹಗ್ಗ ತೀರಾ ಹಗುರವಾಗಿ ಬಂದರೆ ಒತ್ತಡ ಇಲ್ಲ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಎಳೆಸಿ. ಬೆರಳನ್ನು ಫಟ್ ಅಂತ ತಳ್ಳಬೇಕು. ಗೇಜ್ ಇದ್ದರೆ ಅಳೆಯಿರಿ. ಎರಡು ಸಿಲಿಂಡರಿನ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ರಿಂಗು ಅಥವಾ ಗ್ಯಾಸ್ಕೆಟ್ ನೋಡಬೇಕು. ಇದು ದಂಡೆಯ ಮೇಲೆ ಮಾಡುವ ಕೆಲಸ ಅಲ್ಲ.

ಬಟನ್ ಒತ್ತಿ ಚಾಲೂ ಮಾಡುವ ಎಂಜಿನ್ ಆದರೆ ಬ್ಯಾಟರಿಯ ಎರಡೂ ತುದಿ ಬಿಚ್ಚಿ, ಬಿಳಿ ಹಸಿರು ಪುಡಿ ಉಜ್ಜಿ, ಬಿಗಿಯಾಗಿ ಕೂಡಿಸಿ. ಪೂರ್ತಿ ಚಾರ್ಜ್ ಇದ್ದರೆ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ ಖಾಲಿ. ಬರೀ ಟಕ್ ಅಂತ ಒಂದೇ ಸದ್ದು ಬಂದರೆ ಹೆಚ್ಚಿನ ಸಲ ಬ್ಯಾಟರಿ ಅಥವಾ ಸಡಿಲ ಅರ್ಥಿಂಗ್. ಹಗ್ಗ ಸುತ್ತಿ ಎಳೆಯುವ ವ್ಯವಸ್ಥೆ ಇದರಲ್ಲೂ ಇದ್ದರೆ ಆ ಹಗ್ಗ ದೋಣಿಯಲ್ಲೇ ಇರಲಿ.

ಚಾಲೂ ಆಗಿ ನಿಂತುಬಿಟ್ಟರೆ

ಇಲ್ಲಿ ಮತ್ತೆ ಆ ಬಲ್ಬೇ ಸಾಕ್ಷಿ. ಎರಡು ನಿಮಿಷ ಓಡಿ ನಿಂತ ತಕ್ಷಣ ಬಲ್ಬು ಮುಟ್ಟಿ ನೋಡಿ. ಚಪ್ಪಟೆಯಾಗಿ ಒಳಗೆ ಸೇದಿಕೊಂಡಿದ್ದರೆ ಟ್ಯಾಂಕಿನ ಗಾಳಿ ತಿರುಪು ಮುಚ್ಚಿದೆ, ಅಥವಾ ಟ್ಯಾಂಕಿನ ಒಳಗಿನ ಜಾಳಿಗೆ ಕಸ ಕಟ್ಟಿದೆ. ಯಾರಾದರೂ ಬಲ್ಬು ಹಿಚುಕುತ್ತಾ ಕೂತರೆ ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದರೆ ಎಂಜಿನ್ನಿನ ಪೆಟ್ರೋಲ್ ಪಂಪಿನ ಪೊರೆ ಹರಿದಿದೆ. ಪೊರೆ ಸಣ್ಣ ಸಾಮಾನು, ಬೆಲೆಯೂ ಕಡಿಮೆ, ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಅದು ಸಿಗುವ ತನಕ ಒಬ್ಬರನ್ನು ಬಲ್ಬು ಹಿಚುಕಲು ಕೂರಿಸಿ ದಂಡೆ ಮುಟ್ಟಬಹುದು. 2020ರ ನೆರೆಯಲ್ಲಿ ಒಂದು ದೋಣಿ ಹೀಗೇ ಎರಡು ದಿನ ಓಡಿತು.

ಎಣ್ಣೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ 50ಕ್ಕೆ 1. ಅಂದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ, 10 ಲೀಟರಿಗೆ 200 ಮಿಲಿ. ಎಂಜಿನ್ ಹೊಸದಿದ್ದಾಗ ಎಣ್ಣೆ ಜಾಸ್ತಿ ಬೇಕು, ಎಷ್ಟು ಅಂತ ಪುಸ್ತಕ ನೋಡಿ. ದೋಣಿ ಎಂಜಿನ್‌ಗೆ ಟಿಸಿ-ಡಬ್ಲ್ಯೂ3 ಅಂತ ಬರೆದ ಎಣ್ಣೆ ಬೇರೆಯೇ ಬರುತ್ತದೆ, ಅದನ್ನೇ ಹಾಕಿ. ಒಳ್ಳೆಯದಾಗಲಿ ಅಂತ ಕೈ ಸಡಿಲ ಬಿಟ್ಟು ಸುರಿದರೆ ಪ್ಲಗ್ ಕಪ್ಪಾಗಿ ಮತ್ತೆ ಮೊದಲ ಜಾಗಕ್ಕೇ ಬರುತ್ತೀರಿ.

ಚಾಲೂ ಆಯಿತು ಅಂತ ಅಂಗಳದಲ್ಲಿ ಒಣಗಿದ್ದಾಗಲೇ ಓಡಿಸಿ ತೋರಿಸಬೇಡಿ. ಒಳಗೆ ನೀರು ಎಳೆಯುವ ರಬ್ಬರ್ ಚಕ್ರ ಇದೆ, ನೀರಿಲ್ಲದೆ ಸ್ವಲ್ಪ ಹೊತ್ತಿಗೇ ಸುಡುತ್ತದೆ. ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ನಿನ ಕಾಲು, ಅಂದರೆ ಪಂಖ ಇರುವ ಕೆಳಭಾಗ, ಮುಳುಗಿಸಿ ಓಡಿಸಿ. ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರಬೇಕು. ನೆರೆಯ ನೀರಿನಲ್ಲಿ ಕರಿಮಣ್ಣಿನ ಕೆಸರು ಜಾಸ್ತಿ, ಆ ತೂತು ಬೇಗ ಕಟ್ಟುತ್ತದೆ.

ನೀರಿನಲ್ಲಿ ಮುಳುಗಿದ ಎಂಜಿನ್

ದೋಣಿ ಮಗುಚಿ ಎಂಜಿನ್ ಮುಳುಗಿದ್ದರೆ, ಕೇಳಲು ವಿಚಿತ್ರ ಅನಿಸಬಹುದು, ಆದರೆ ತಕ್ಷಣ ಬಿಚ್ಚಲು ಆಗದಿದ್ದರೆ ಅದನ್ನು ಒಣಗಲು ಹಾಕಬೇಡಿ. ಒಳ್ಳೆ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ನೀರಿನಲ್ಲಿ ಇರುವಷ್ಟು ಹೊತ್ತು ತುಕ್ಕು ನಿಧಾನ. ಗಾಳಿ ತಾಗಿದ ಮೇಲೆ ಬೇರಿಂಗುಗಳಿಗೆ ಕೆಲವೇ ಗಂಟೆಯಲ್ಲಿ ತುಕ್ಕು ಹಿಡಿಯುತ್ತದೆ. ಕೈಗೆ ಬಿಡುವು ಸಿಕ್ಕಾಗ ಹೊರಗೆ ತೆಗೆದು ಕೆಸರು ತೊಳೆದು, ಪ್ಲಗ್ ಬಿಚ್ಚಿ, ತೂತು ಕೆಳಗೆ ಬರುವಂತೆ ಮಲಗಿಸಿ, ನಿಧಾನ ಹಗ್ಗ ಎಳೆದು ನೀರು ಹೊರಹಾಕಿ. ಎಳೆಯುವಾಗ ಮರಳು ಅರೆದ ಹಾಗೆ ಕರಕರ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಪೂರ್ತಿ ಬಿಚ್ಚಿ ತೊಳೆಯಲೇಬೇಕು. ಓಡುತ್ತಿದ್ದಾಗಲೇ ಮುಳುಗಿದ ಎಂಜಿನ್ ಆದರೂ ಹಾಗೇ. ಸದ್ದಿಲ್ಲದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ, ಸಿಲಿಂಡರಿನೊಳಗೆ ಎಣ್ಣೆ ಬಿಟ್ಟು ತಿರುಗಿಸಿ, ತಾಜಾ ಪೆಟ್ರೋಲಿನಲ್ಲಿ ಅವತ್ತೇ ಚಾಲೂ ಮಾಡಿ ಅರ್ಧ ಗಂಟೆಯಾದರೂ ಡ್ರಮ್ಮಿನಲ್ಲಿ ಓಡಿಸಿ. ನಾಳೆ ಅಂತ ಬಿಟ್ಟರೆ ಎಂಜಿನ್ ಹೋಗುತ್ತದೆ.

ಹೊಳೆ ಇಳಿದು ಎಂಜಿನ್ ಎತ್ತಿಡುವ ದಿನ ಪೆಟ್ರೋಲ್ ಪೈಪು ಕಳಚಿ, ಡ್ರಮ್ಮಿನಲ್ಲಿ ತಾನಾಗಿ ನಿಲ್ಲುವ ತನಕ ಓಡಲು ಬಿಡಿ. ಕಾರ್ಬೊರೇಟರ್ ಖಾಲಿಯಾದರೆ ಅಂಟಾಗಲು ಏನೂ ಉಳಿಯುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಕ್ಯಾನಿಗೆ ತೆಗೆದುಬಿಡಿ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿಯೇ ಇಡಿ, ಕಾಳಿನ ಚೀಲದಿಂದ ದೂರ. ರೋಹಿಣಿ ಮಳೆ ಬೀಳುವ ಹೊತ್ತಿಗೆ ಒಮ್ಮೆ ಹೊರಗೆ ತಂದು ಡ್ರಮ್ಮಿನಲ್ಲಿ ಓಡಿಸಿ ನೋಡಿ. ಆಗ ಕೆಟ್ಟದ್ದು ಕಂಡರೆ ಸಾಮಾನು ತರಿಸಲು ಕೈಯಲ್ಲಿ ತಿಂಗಳು ಇರುತ್ತದೆ.

ಇಷ್ಟೂ ಮಾಡಿ ಚಾಲೂ ಆಗದಿದ್ದರೆ ಮಿಸ್ತ್ರಿ ಹತ್ತಿರ ತನ್ನಿ. ಬರುವಾಗ ಬಟ್ಟಲಿನಿಂದ ಇಳಿಸಿದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ತನ್ನಿ, ಬಿಚ್ಚಿದ ಪ್ಲಗ್ಗನ್ನು ಒರೆಸದೆ ಹಾಗೇ ಕಾಗದದಲ್ಲಿ ಸುತ್ತಿ ತನ್ನಿ. ಟ್ಯಾಂಕು, ಪೈಪು, ಬಲ್ಬು, ಕೆಂಪು ದಾರ ಎಲ್ಲವೂ ಜೊತೆಗೆ ಬರಲಿ. ಬರೀ ಎಂಜಿನ್ ತಂದರೆ ನಾವು ಅಂಗಡಿಯ ಟ್ಯಾಂಕಿಗೆ ಜೋಡಿಸಿ ನೋಡುತ್ತೇವೆ, ಅದು ಚೆನ್ನಾಗಿ ಓಡುತ್ತದೆ, ನೀವು ಒಯ್ದು ಹೊಳೆಯಲ್ಲಿ ಇಳಿಸಿದ ಮೇಲೆ ಮತ್ತೆ ನಿಲ್ಲುತ್ತದೆ.